ಇಮ್ಮಡಿ ಯಶವಂತರಾವ್ ಹೋಳ್ಕರ್

ಇಮ್ಮಡಿ ಯಶವಂತರಾವ್ ಹೋಳ್ಕರ್ (6 ಸೆಪ್ಟೆಂಬರ್ 1908 – 5 ಡಿಸೆಂಬರ್ 1961) ಇಂದೋರ್ ಸಂಸ್ಥಾನದ ಕೊನೆಯ ಆಳರಸರು. ವಿನ್ಯಾಸಕರು ರೂಪಿಸಿದ ಆಧುನಿಕ ಪೀಠೋಪಕರಣಗಳನ್ನು ತಮ್ಮ ವಾಸದ ಮನೆಗಾಗಿ ಸಂಗ್ರಹಿಸಿದ ಭಾರತೀಯರಲ್ಲಿ ಇವರದು ಮೊದಲ ಸಾಲಿನ ಹೆಸರು. 1930ರಿಂದ 1933ರ ಅವಧಿಯಲ್ಲಿ ಇಂದೋರಿನ ಮಾಣಿಕ್ ಬಾಗ್ ಅರಮನೆಯನ್ನು ಜರ್ಮನಿಯ ವಾಸ್ತುಶಿಲ್ಪಿ ಎಕಾರ್ಟ್ ಮುಟೇಸಿಯುಸ್ ಅವರಿಂದ ರೂಪಿಸಿಸಿ, ಅದಕ್ಕೆ ಬೇಕಾದ ಕುರ್ಚಿ, ಮೇಜು, ಮಂಚ, ದೀಪ, ರತ್ನಗಂಬಳಿಗಳನ್ನು ಯುರೋಪಿನ ಅಂದಿನ ಪ್ರಮುಖ ವಿನ್ಯಾಸಕರಿಂದ ಮಾಡಿಸಿದರು. ಶಿಲ್ಪಿ ಬ್ರಂಕೂಷಿ, ಛಾಯಾಗ್ರಾಹಕ ಮ್ಯಾನ್ ರೇ, ಚಿತ್ರಕಾರ ಬರ್ನಾರ್ ಬುತೆ ದ ಮಾಂವೆಲ್ ಮೊದಲಾದವರಿಗೆ ಇವರು ಆಶ್ರಯದಾತರಾಗಿದ್ದರು. ಇವರ ಮರಣಾನಂತರ ಅರಮನೆಯು ಸರ್ಕಾರಿ ಕಚೇರಿಯಾಯಿತು. ಅದರೊಳಗಿದ್ದ ಪೀಠೋಪಕರಣಗಳು 1980ರಲ್ಲಿ ಮೊನಾಕೊದಲ್ಲಿ ಹರಾಜಾಗಿ ಜಗತ್ತಿನಾದ್ಯಂತ ಚದುರಿಹೋದವು.

ಮನೆತನ ಮತ್ತು ಬಾಲ್ಯ

ಹೋಳ್ಕರ್ ಮನೆತನವು ಮರಾಠಾ ಸಾಮ್ರಾಜ್ಯದ ಪ್ರಮುಖ ಸರದಾರ ಮನೆತನಗಳಲ್ಲಿ ಒಂದು. ಮಲ್ಹಾರರಾವ್ ಹೋಳ್ಕರ್ (1693–1766) ಇದರ ಸ್ಥಾಪಕರು. ಅವರ ಸೊಸೆ ಅಹಲ್ಯಾಬಾಯಿ (1725–1795) ನರ್ಮದಾ ತೀರದ ಮಹೇಶ್ವರದಿಂದ ರಾಜ್ಯವಾಳಿ, ಕಾಶಿಯಿಂದ ರಾಮೇಶ್ವರದವರೆಗೆ ದೇವಾಲಯ, ಛತ್ರ, ಘಟ್ಟಗಳನ್ನು ಕಟ್ಟಿಸಿ ಹೆಸರಾದರು. 1818ರ ಮಂದಸೌರ್ ಒಪ್ಪಂದದ ನಂತರ ಇಂದೋರ್ ಬ್ರಿಟಿಷರ ಅಧೀನ ಸಂಸ್ಥಾನವಾಯಿತು. ಮಾಳವದ ಕಪ್ಪು ಮಣ್ಣಿನಲ್ಲಿ ಬೆಳೆಯುವ ಹತ್ತಿ ಮತ್ತು ಅದನ್ನು ಅವಲಂಬಿಸಿದ ಗಿರಣಿಗಳು ಈ ಸಂಸ್ಥಾನದ ಸಂಪತ್ತಿನ ಮುಖ್ಯ ಮೂಲಗಳಾಗಿದ್ದವು.

ಯಶವಂತರಾವ್ ಅವರು ಮಹಾರಾಜ ಮುಮ್ಮಡಿ ತುಕೋಜಿರಾವ್ ಮತ್ತು ಚಂದ್ರಾವತಿಬಾಯಿ ದಂಪತಿಗಳ ಮಗನಾಗಿ ಜನಿಸಿದರು. ಇವರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಮನೆತನಕ್ಕೆ ದೊಡ್ಡ ಆಘಾತ ಒದಗಿತು. ಇಂದೋರಿನ ಆಸ್ಥಾನವನ್ನು ತೊರೆದು ಬಂದಿದ್ದ ಮುಮ್ತಾಜ್ ಬೇಗಂ ಎಂಬ ನರ್ತಕಿಯನ್ನು ಅಪಹರಿಸಲು 1925ರ ಜನವರಿಯಲ್ಲಿ ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ಯತ್ನ ನಡೆದು, ಆಕೆಯ ಜೊತೆಗಿದ್ದ ವರ್ತಕ ಅಬ್ದುಲ್ ಕಾದಿರ್ ಬಾವ್ಲಾ ಹತ್ಯೆಯಾದರು. ಪ್ರಕರಣದ ಜಾಡು ಇಂದೋರಿನತ್ತ ಸಾಗಿದಾಗ, ವಿಚಾರಣಾ ಆಯೋಗವನ್ನು ಎದುರಿಸುವ ಬದಲು ತುಕೋಜಿರಾವ್ 1926ರ ಫೆಬ್ರುವರಿಯಲ್ಲಿ ಸಿಂಹಾಸನವನ್ನು ತ್ಯಜಿಸಿದರು. ಹದಿನೇಳರ ಹರೆಯದ ಯಶವಂತರಾವ್ ಮಹಾರಾಜರೆನಿಸಿಕೊಂಡರು. ಪ್ರಾಪ್ತ ವಯಸ್ಸು ಬರುವವರೆಗೆ ಆಡಳಿತವನ್ನು ಮಂತ್ರಿಮಂಡಲವೊಂದು ನಡೆಸಿತು.

ಶಿಕ್ಷಣ ಮತ್ತು ಸ್ನೇಹಗಳು

ಯಶವಂತರಾವ್ ಅವರ ಶಿಕ್ಷಣವು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ನಡೆಯಿತು. ಚಾರ್ಟರ್‌ಹೌಸ್ ಶಾಲೆಯ ನಂತರ ಅವರು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದರು. 1924ರಲ್ಲಿಯೇ ಅವರ ವಿವಾಹ ಕಾಗಲ್ ಮನೆತನದ ಸಂಯೋಗಿತಾ ದೇವಿಯವರೊಂದಿಗೆ ನಡೆದಿತ್ತು. ಕಾಗಲ್ ಪಟ್ಟಣವು ಇಂದಿನ ಕೊಲ್ಲಾಪುರ ಜಿಲ್ಲೆಯಲ್ಲಿ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಸಮೀಪದಲ್ಲಿದೆ. ವಧೂವರರಿಬ್ಬರೂ ಆಗ ಚಿಕ್ಕ ವಯಸ್ಸಿನವರು. ಮುಂದೆ ಸಂಯೋಗಿತಾ ಅವರೂ ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮಾಡಿದರು. ಯುರೋಪಿನ ಕಲೆಯ ಮೇಲಿನ ಆಸಕ್ತಿಯು ದಂಪತಿಗಳಿಬ್ಬರಿಗೂ ಸಮಾನವಾಗಿತ್ತು.

ಈ ಅವಧಿಯ ಎರಡು ಪರಿಚಯಗಳು ಮಹಾರಾಜರ ಅಭಿರುಚಿಯನ್ನು ನಿರ್ಧರಿಸಿದವು. ಮೊದಲನೆಯದು ಎಕಾರ್ಟ್ ಮುಟೇಸಿಯುಸ್ (1904–1989) ಅವರ ಸ್ನೇಹ. ಎಕಾರ್ಟ್ ಅವರ ತಂದೆ ಹರ್ಮನ್ ಮುಟೇಸಿಯುಸ್ ಜರ್ಮನಿಯ ಪ್ರಸಿದ್ಧ ವಾಸ್ತುಶಿಲ್ಪಿ. ಇಂಗ್ಲೆಂಡಿನ ಮನೆಗಳನ್ನು ಕುರಿತು ಬೃಹತ್ ಗ್ರಂಥವನ್ನು ರಚಿಸಿದವರು. ಕಲಾವಿದರು, ಕುಶಲಕರ್ಮಿಗಳು ಮತ್ತು ಕಾರ್ಖಾನೆಗಳನ್ನು ಒಂದುಗೂಡಿಸಲು 1907ರಲ್ಲಿ ಹುಟ್ಟಿದ ಜರ್ಮನ್ ವೆರ್ಕ್‌ಬುಂಡ್ ಸಂಘದ ಸ್ಥಾಪಕರಲ್ಲಿ ಒಬ್ಬರು. ಮನೆಯೊಂದರ ಗೋಡೆಯಿಂದ ಬಾಗಿಲ ಹಿಡಿಯವರೆಗೆ ಎಲ್ಲವೂ ಒಂದೇ ಚಿಂತನೆಯಿಂದ ಮೂಡಬೇಕೆಂಬ ಪಾಠ ಎಕಾರ್ಟ್ ಅವರಿಗೆ ಮನೆಯಲ್ಲಿಯೇ ದೊರೆತಿತ್ತು. ಆಕ್ಸ್‌ಫರ್ಡ್‌ನಲ್ಲಿ ಬೆಳೆದ ಈ ಸ್ನೇಹ ಜೀವನಪರ್ಯಂತ ಉಳಿಯಿತು.

ಎರಡನೆಯದು ಫ್ರಾನ್ಸಿನ ಕಲಾಪೋಷಕ ಮತ್ತು ಲೇಖಕ ಆನ್ರಿ-ಪಿಯೇರ್ ರೋಶೆ (1879–1959) ಅವರ ಪರಿಚಯ. ಮುಂದೆ ‘ಜೂಲ್ ಮತ್ತು ಜಿಮ್’ ಎಂಬ ಕಾದಂಬರಿಯಿಂದ ಹೆಸರಾದ ರೋಶೆ, ಪ್ಯಾರಿಸ್ಸಿನ ಬಹುತೇಕ ಎಲ್ಲ ಹೊಸ ಕಲಾವಿದರನ್ನೂ ಬಲ್ಲವರಾಗಿದ್ದರು. ಯುವ ಮಹಾರಾಜ ದಂಪತಿಗಳನ್ನು ಕಲಾಶಾಲೆಗಳಿಗೂ ಪ್ರದರ್ಶನಗಳಿಗೂ ಕರೆದೊಯ್ದು, ಏನನ್ನು ಕೊಳ್ಳಬೇಕು, ಯಾರಿಂದ ಮಾಡಿಸಬೇಕು ಎಂಬ ವಿಷಯದಲ್ಲಿ ಸಲಹೆ ನೀಡುತ್ತಿದ್ದವರು ಇವರೇ.

1929ರ ಸುಮಾರಿಗೆ ಬುತೆ ದ ಮಾಂವೆಲ್ ಅವರು ಮಹಾರಾಜರನ್ನು ಪಾಶ್ಚಾತ್ಯ ಸಂಜೆಯುಡುಪಿನಲ್ಲಿ ಚಿತ್ರಿಸಿದರು. ಕೆಲವು ವರ್ಷಗಳ ನಂತರ ಅದೇ ಚಿತ್ರಕಾರರು ಅವರನ್ನು ಶುಭ್ರವಾದ ಮರಾಠಾ ಉಡುಪಿನಲ್ಲಿಯೂ ಚಿತ್ರಿಸಿದರು. ಎರಡು ಲೋಕಗಳಲ್ಲಿ ಬಾಳಿದ ಈ ಅರಸರ ಬದುಕಿಗೆ ಈ ಜೋಡಿ ಚಿತ್ರಗಳು ಸಾಕ್ಷಿಯಾಗಿವೆ.

ರಾಜ್ಯಭಾರದ ಆರಂಭ

1930ರ ಮೇ ತಿಂಗಳಿನಲ್ಲಿ ಯಶವಂತರಾವ್ ಅವರಿಗೆ ಪೂರ್ಣ ರಾಜ್ಯಾಧಿಕಾರ ದೊರೆಯಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಇಂದೋರಿನಲ್ಲಿ ಆ ವೇಳೆಗಾಗಲೇ ಹೋಳ್ಕರ್ ಮನೆತನದ ಎರಡು ದೊಡ್ಡ ಅರಮನೆಗಳಿದ್ದವು. ನಗರದ ನಡುವಿನ ರಾಜವಾಡಾ ಮರಾಠಾ ಶೈಲಿಯ ಏಳಂತಸ್ತಿನ ಕಟ್ಟಡವಾದರೆ, ಲಾಲ್ ಬಾಗ್ ಅರಮನೆಯು ಯುರೋಪಿನ ಹಳೆಯ ಅರಮನೆಗಳ ಅನುಕರಣೆಯಾಗಿತ್ತು. ಅಲ್ಲಿ ಚಿನ್ನದ ಬಣ್ಣ ಬಳಿದ ಕೆತ್ತನೆ, ಅಮೃತಶಿಲೆಯ ಕಂಬ, ತೂಗುದೀಪಗಳ ಗೊಂಚಲು ಎಲ್ಲವೂ ಇದ್ದವು. ಆ ಕಾಲದ ಭಾರತೀಯ ಅರಸರಿಗೆ ವೈಭವವೆಂದರೆ ಸಾಮಾನ್ಯವಾಗಿ ಇದೇ ಆಗಿತ್ತು. 1912ರಲ್ಲಿ ಪೂರ್ಣಗೊಂಡ ಮೈಸೂರಿನ ಅಂಬಾವಿಲಾಸ ಅರಮನೆಯಲ್ಲಿಯೂ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳೂ ಬಣ್ಣದ ಗಾಜಿನ ಚಾವಣಿಯೂ ಇವೆ. ಆದರೆ ಅವುಗಳ ಜೊತೆಗೆ ಬೀಟೆ ಮರದ ಮೇಲೆ ದಂತವನ್ನು ಕೂಡಿಸಿದ ಸ್ಥಳೀಯ ಕುಸುರಿ ಕೆಲಸಕ್ಕೂ ಮಾನ್ಯತೆ ಸಿಕ್ಕಿತ್ತು.

ಯಶವಂತರಾವ್ ಈ ಎರಡು ದಾರಿಗಳನ್ನೂ ಬಿಟ್ಟರು. ಹಳೆಯ ಶೈಲಿಯ ನಕಲೂ ಬೇಡ, ಅಲಂಕಾರದ ಆಡಂಬರವೂ ಬೇಡ, ತಾವು ಬಾಳುತ್ತಿರುವ ಕಾಲದ ಮನೆ ತಮಗೆ ಬೇಕು ಎಂಬುದು ಅವರ ನಿಲುವಾಗಿತ್ತು. ಈ ಕೆಲಸವನ್ನು ಅವರು ಒಪ್ಪಿಸಿದ್ದು ತಮಗಿಂತ ನಾಲ್ಕೇ ವರ್ಷ ಹಿರಿಯರಾದ, ಹೆಚ್ಚಿನ ಕಟ್ಟಡಗಳನ್ನು ಇನ್ನೂ ಕಟ್ಟಿರದ ಗೆಳೆಯನಿಗೆ.

ಮಾಣಿಕ್ ಬಾಗ್ ಅರಮನೆ

ಕಟ್ಟಡ

ಮಾಣಿಕ್ ಬಾಗ್ ಎಂದರೆ ಮಾಣಿಕ್ಯದ ತೋಟ. ಹೊರಗಿನಿಂದ ನೋಡಿದರೆ ಇದು ಅರಮನೆ ಎನಿಸುವುದಿಲ್ಲ. ಅಂಗಳವನ್ನು ಮೂರು ಕಡೆಯಿಂದ ಬಳಸಿದ ಎರಡಂತಸ್ತಿನ ಸರಳ ಕಟ್ಟಡವಿದು. ಗುಮ್ಮಟ, ಕಮಾನು, ಕೆತ್ತಿದ ಕಂಬಗಳಿಲ್ಲ. ಮಾಳವದ ಬಿಸಿಲನ್ನು ತಡೆಯಲು ಕಿಟಕಿಗಳಿಗೆ ಬಣ್ಣದ ಗಾಜನ್ನು ಅಳವಡಿಸಲಾಯಿತು. ಕಟ್ಟಡಕ್ಕೆ ಹವಾನಿಯಂತ್ರಣ ವ್ಯವಸ್ಥೆಯೂ ಇತ್ತು. ಭಾರತದಲ್ಲಿ ಈ ಸೌಕರ್ಯವನ್ನು ಪಡೆದ ಮೊದಲ ಕೆಲವು ಖಾಸಗಿ ನಿವಾಸಗಳಲ್ಲಿ ಇದೂ ಒಂದು.

ಮುಟೇಸಿಯುಸ್ ಕೇವಲ ಕಟ್ಟಡದ ನಕ್ಷೆ ಬರೆದು ನಿಲ್ಲಲಿಲ್ಲ. ದೀಪಗಳು, ಬಾಗಿಲ ಹಿಡಿಗಳು, ಗೋಡೆಯೊಳಗೆ ಕೂಡಿಸಿದ ಕಪಾಟುಗಳು, ಕೋಣೆಗಳ ಬಣ್ಣ, ಪುಸ್ತಕಾಲಯದ ಆಸನಗಳು, ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ರೇಖಾಚಿತ್ರ ಸಿದ್ಧಪಡಿಸಿದರು. ಅವುಗಳಲ್ಲಿ ಬಹುಪಾಲು ವಸ್ತುಗಳು ಜರ್ಮನಿಯ ಕಾರ್ಯಾಗಾರಗಳಲ್ಲಿ ತಯಾರಾಗಿ, ಹಡಗಿನಲ್ಲಿ ಭಾರತಕ್ಕೆ ಬಂದು, ಇಂದೋರಿನಲ್ಲಿ ಜೋಡಣೆಯಾದವು. ಮಹಾರಾಜರಿಗಾಗಿ ಅವರು ರೈಲು ಬೋಗಿಯೊಂದರ ಒಳಾಂಗಣವನ್ನೂ ವಿನ್ಯಾಸಗೊಳಿಸಿದರು.

ಪೀಠೋಪಕರಣಗಳ ಸಂಗ್ರಹ

ಈ ಸಂಗ್ರಹದ ಮಹತ್ವವನ್ನು ಅರಿಯಲು ಅದರ ಕಾಲವನ್ನು ನೆನೆಯಬೇಕು. 1925ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಲಂಕಾರಿಕ ಕಲೆಗಳ ಮಹಾಪ್ರದರ್ಶನದ ಬಳಿಕ ಅಲ್ಲಿನ ವಿನ್ಯಾಸಕರು ಎರಡು ಗುಂಪುಗಳಾಗಿ ಬೇರೆಯಾಗತೊಡಗಿದರು. ಒಂದು ಗುಂಪು ಅಪರೂಪದ ಮರ, ದಂತ, ಚರ್ಮಗಳಿಂದ ಶ್ರೀಮಂತರಿಗಾಗಿ ಅತಿ ನಯವಾದ ಕೆಲಸ ಮಾಡುತ್ತಿತ್ತು. ಇದೇ ಇಂದು ಆರ್ಟ್ ಡೆಕೊ ಎಂದು ಹೆಸರಾಗಿದೆ. ಇನ್ನೊಂದು ಗುಂಪು ಉಕ್ಕಿನ ಕೊಳವೆ, ಅಲ್ಯೂಮಿನಿಯಂ, ಗಾಜುಗಳನ್ನು ಬಳಸಿ, ಯಂತ್ರಯುಗಕ್ಕೆ ಒಪ್ಪುವ ಸರಳ ವಸ್ತುಗಳನ್ನು ಮಾಡಬೇಕೆನ್ನುತ್ತಿತ್ತು. ಈ ಎರಡನೆಯವರು 1929ರಲ್ಲಿ ಆಧುನಿಕ ಕಲಾವಿದರ ಒಕ್ಕೂಟವನ್ನು ಕಟ್ಟಿಕೊಂಡರು. ಮಾಣಿಕ್ ಬಾಗ್‌ನಲ್ಲಿ ಈ ಎರಡೂ ಗುಂಪುಗಳ ಅತ್ಯುತ್ತಮ ಕೃತಿಗಳು ಒಂದೇ ಸೂರಿನಡಿ ನೆಲೆಸಿದವು.

ಸಂಗ್ರಹದಲ್ಲಿದ್ದ ಮುಖ್ಯ ವಸ್ತುಗಳು ಇವು:

ಎಮಿಲ್-ಜಾಕ್ ರೂಲ್ಮನ್ (1879–1933) ಅವರು ಮಹಾರಾಜರ ಕಾರ್ಯಾಲಯಕ್ಕಾಗಿ ಮಾಡಿದ ಮೇಜು ಮತ್ತು ಇತರ ಉಪಕರಣಗಳು. ಮಕಾಸರ್ ಎಂಬ ಪಟ್ಟೆಪಟ್ಟೆಯ ಕರಿಮರದಿಂದ ಮಾಡಿದ ಇವು ಆರ್ಟ್ ಡೆಕೊ ಕುಶಲತೆಯ ಉನ್ನತ ಮಾದರಿಗಳು.

ಲೂಯಿ ಸೋನ್ಯೋ ಮತ್ತು ಶಾರ್ಲೊಟ್ ಅಲಿಕ್ಸ್ ಜೋಡಿಯು ಮಹಾರಾಜ ಮತ್ತು ಮಹಾರಾಣಿಯವರ ಶಯನಗೃಹಗಳಿಗಾಗಿ ರೂಪಿಸಿದ, ಗಾಜು ಮತ್ತು ಲೋಹದ ಮಂಚಗಳು. ಮಂಚವೆಂದರೆ ಮರದ್ದೇ ಆಗಿರಬೇಕೆಂಬ ಭಾವನೆಯನ್ನು ಇವು ಸಂಪೂರ್ಣವಾಗಿ ಮುರಿದವು.

ಐಲೀನ್ ಗ್ರೇ (1878–1976) ಅವರ ‘ಟ್ರಾನ್ಸಾಟ್’ ಆರಾಮಕುರ್ಚಿ. ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಈ ವಿನ್ಯಾಸಕಿಯು, ಸಾಗರಯಾನದ ಹಡಗುಗಳ ಮೇಲ್ಮಾಳಿಗೆಯಲ್ಲಿ ಬಳಸುವ ಮಡಿಸುವ ಕುರ್ಚಿಯ ರೂಪದಿಂದ ಸ್ಫೂರ್ತಿ ಪಡೆದು ಇದನ್ನು ರಚಿಸಿದರು.

ಲ ಕಾರ್ಬ್ಯುಸಿಯೆ, ಪಿಯೇರ್ ಜಾನ್ರೆ ಮತ್ತು ಶಾರ್ಲೊಟ್ ಪೆರಿಯಾಂ ಒಟ್ಟಾಗಿ 1928ರಲ್ಲಿ ರೂಪಿಸಿದ ಉಕ್ಕಿನ ಕೊಳವೆಯ ಒರಗುಮಂಚ. ಇದರ ಒರಗುವ ಭಾಗವನ್ನು ಕಾಲುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಸಿ ಬೇಕಾದ ಓರೆಗೆ ಹೊಂದಿಸಿಕೊಳ್ಳಬಹುದು.

ಮುಟೇಸಿಯುಸ್ ಅವರೇ ರೂಪಿಸಿದ ಪುಸ್ತಕಾಲಯದ ಕೆಂಪು ಆಸನಗಳು. ಓದುವವರಿಗೆ ಅನುಕೂಲವಾಗಲೆಂದು ಇವುಗಳ ದೇಹದಲ್ಲಿಯೇ ದೀಪಗಳನ್ನು ಅಳವಡಿಸಲಾಗಿತ್ತು.

ಇವಾನ್ ಡ ಸಿಲ್ವ ಬ್ರೂನ್ ಅವರ ರೇಖಾಕೃತಿಗಳುಳ್ಳ ರತ್ನಗಂಬಳಿಗಳು ಮತ್ತು ಜಾಂ ಪುಯಿಫೊರ್ಕಾ ಅವರ ಬೆಳ್ಳಿಯ ಊಟದ ಸಾಮಗ್ರಿಗಳು.

ಸಂಗ್ರಹದ ಸ್ವರೂಪ

ಸಂಗ್ರಾಹಕರಲ್ಲಿ ಹಲವು ಬಗೆಯವರಿದ್ದಾರೆ. ಹಳೆಯ ವಸ್ತುಗಳನ್ನು ಹುಡುಕಿ ತರುವವರು ಕೆಲವರಾದರೆ, ಬೆಲೆ ಏರುವುದೆಂಬ ನಿರೀಕ್ಷೆಯಿಂದ ಕೊಳ್ಳುವವರು ಮತ್ತೆ ಕೆಲವರು. ಯಶವಂತರಾವ್ ಅವರ ರೀತಿ ಇವೆರಡಕ್ಕಿಂತ ಭಿನ್ನವಾಗಿತ್ತು. ಅವರು ಆಯ್ದುಕೊಂಡದ್ದು ಬದುಕಿದ್ದ, ಕೆಲಸ ಮಾಡುತ್ತಿದ್ದ ವಿನ್ಯಾಸಕರನ್ನು. ಐಲೀನ್ ಗ್ರೇ ಅವರಂಥವರಿಗೆ ಆಗ ಸಣ್ಣ ಬಳಗದ ಆಚೆ ಹೆಚ್ಚಿನ ಹೆಸರಿರಲಿಲ್ಲ. ಆ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಅವುಗಳ ಮೇಲೆ ಕುಳಿತರು, ಮಲಗಿದರು, ಅವುಗಳ ಬೆಳಕಿನಲ್ಲಿ ಓದಿದರು. ಕೋಣೆಯ ಅಳತೆ, ಗೋಡೆಯ ಬಣ್ಣ, ನೆಲದ ಕಂಬಳಿ, ಮೂಲೆಯ ದೀಪ ಒಂದನ್ನೊಂದು ಆಶ್ರಯಿಸಿದ್ದವು. ಆದ್ದರಿಂದ ಮಾಣಿಕ್ ಬಾಗ್‌ನಲ್ಲಿ ಬಿಡಿ ವಸ್ತುಗಳಿಗಿಂತ ಅವುಗಳ ಕೂಡುವಿಕೆಯೇ ಸಂಗ್ರಹದ ನಿಜವಾದ ಬೆಲೆಯಾಗಿತ್ತು.

ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು. ಅಲ್ಲಿ ಕಟ್ಟೆ, ಜಗುಲಿ, ಗೋಡೆಯ ಗೂಡು, ತೊಲೆಗೆ ತೂಗಿದ ತೊಟ್ಟಿಲು ಇವೆಲ್ಲ ಮನೆಯ ಅಂಗಗಳೇ ಹೊರತು ಹೊರಗಿನಿಂದ ತಂದಿಟ್ಟ ಸಾಮಾನುಗಳಲ್ಲ. ಜಗುಲಿಯನ್ನು ಮನೆಯಿಂದ ಬೇರ್ಪಡಿಸಿ ಮಾರಲಾಗದು. ಅಪಾರ ಹಣವಿದ್ದ ಅರಸರೊಬ್ಬರು ಹೊಸ ಕಾಲದ ಲೋಹ, ಗಾಜುಗಳಿಂದ ಸಾಧಿಸಲು ಯತ್ನಿಸಿದ್ದು ಇಂಥದೇ ಒಂದು ಏಕತೆಯನ್ನು.

ಬ್ರಂಕೂಷಿ ಮತ್ತು ಕಟ್ಟದೆ ಉಳಿದ ಮಂದಿರ

ರೋಶೆ ಅವರ ಮೂಲಕ ಮಹಾರಾಜರಿಗೆ ರುಮೇನಿಯಾ ಮೂಲದ ಶಿಲ್ಪಿ ಕಾನ್‌ಸ್ಟಂಟಿನ್ ಬ್ರಂಕೂಷಿ (1876–1957) ಅವರ ಪರಿಚಯವಾಯಿತು. ಹಾರುವ ಹಕ್ಕಿಯ ರೆಕ್ಕೆ, ಕೊಕ್ಕು, ಕಾಲುಗಳನ್ನೆಲ್ಲ ಬಿಟ್ಟು, ಮೇಲೇರುವ ಗತಿಯನ್ನು ಮಾತ್ರ ಉಳಿಸಿಕೊಂಡ ಬ್ರಂಕೂಷಿಯವರ ‘ಆಕಾಶದಲ್ಲಿ ಹಕ್ಕಿ’ ಶಿಲ್ಪಮಾಲಿಕೆ ಮಹಾರಾಜರನ್ನು ಸೆಳೆಯಿತು. ಅವರು ಕಂಚಿನ ಹಕ್ಕಿಯೊಂದನ್ನು ಕೊಂಡು, ಕಪ್ಪು ಮತ್ತು ಬಿಳಿ ಅಮೃತಶಿಲೆಯಲ್ಲಿ ಇನ್ನೆರಡನ್ನು ಮಾಡಿಸಿದರು.

ಈ ಮೂರು ಹಕ್ಕಿಗಳಿಗಾಗಿ ಇಂದೋರಿನಲ್ಲಿ ಪುಟ್ಟದೊಂದು ಧ್ಯಾನಮಂದಿರವನ್ನು ಕಟ್ಟಿಸುವ ಯೋಜನೆ ರೂಪುಗೊಂಡಿತು. ಮಂದಿರದೊಳಗೆ ನೀರಿನ ಕೊಳವೊಂದಿದ್ದು, ಅದರ ಸುತ್ತ ಹಕ್ಕಿಗಳು ನಿಲ್ಲಬೇಕೆಂಬುದು ಕಲ್ಪನೆ. ಆದರೆ 1937ರಲ್ಲಿ ಮಹಾರಾಣಿ ಸಂಯೋಗಿತಾ ದೇವಿ ಸ್ವಿಟ್ಜರ್‌ಲೆಂಡಿನಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿಯೇ ತೀರಿಕೊಂಡರು. 1938ರ ಆರಂಭದಲ್ಲಿ ಬ್ರಂಕೂಷಿ ಸ್ವತಃ ಇಂದೋರಿಗೆ ಬಂದಾಗ ಕೆಲಸ ಮುಂದುವರಿಯುವ ಸ್ಥಿತಿ ಉಳಿದಿರಲಿಲ್ಲ. ಶಿಲ್ಪಿ ಹಿಂದಿರುಗಿದರು. ಮಂದಿರ ಕಾಗದದ ಮೇಲೆಯೇ ಉಳಿಯಿತು. ಕಪ್ಪು ಮತ್ತು ಬಿಳಿಯ ಎರಡು ಹಕ್ಕಿಗಳನ್ನು 1973ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕೊಂಡಿತು. ಅವು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿವೆ.

ಕುಟುಂಬ

ಸಂಯೋಗಿತಾ ದೇವಿಯವರಿಂದ ಯಶವಂತರಾವ್ ಅವರಿಗೆ 1933ರಲ್ಲಿ ಪ್ಯಾರಿಸ್ಸಿನಲ್ಲಿ ಮಗಳು ಉಷಾದೇವಿ ಜನಿಸಿದರು. ಪತ್ನಿಯ ಮರಣದ ನಂತರ ಅವರು 1938ರಲ್ಲಿ ಅಮೆರಿಕದ ಮಹಿಳೆಯೊಬ್ಬರನ್ನು ಮದುವೆಯಾದರು. 1943ರಲ್ಲಿ ಆ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ಅದೇ ವರ್ಷ ಮತ್ತೊಬ್ಬ ಅಮೆರಿಕನ್ ಮಹಿಳೆಯೊಂದಿಗೆ ಮೂರನೆಯ ವಿವಾಹವಾಗಿ, ಒಬ್ಬ ಮಗ ಜನಿಸಿದನು. ಉತ್ತರಾಧಿಕಾರದ ಪ್ರಶ್ನೆ ಬಂದಾಗ ಭಾರತ ಸರ್ಕಾರವು ಮಗಳು ಉಷಾದೇವಿಯವರನ್ನು ಮಾನ್ಯ ಮಾಡಿತು.

ಸಂಯೋಗಿತಾ ಅವರ ನಿಧನದೊಂದಿಗೆ ಮಾಣಿಕ್ ಬಾಗ್‌ನ ಸೃಜನಶೀಲ ಅಧ್ಯಾಯವೂ ಮುಗಿಯಿತೆನ್ನಬಹುದು. ಆ ಬಳಿಕ ಸಂಗ್ರಹಕ್ಕೆ ಮೊದಲಿನ ಪ್ರಮಾಣದ ಸೇರ್ಪಡೆಗಳಾಗಲಿಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ, ಜರ್ಮನಿ ಮತ್ತು ಫ್ರಾನ್ಸ್‌ಗಳೊಂದಿಗಿನ ಸಂಪರ್ಕವೇ ಕಡಿದುಹೋಯಿತು.

ಆಡಳಿತ ಮತ್ತು ಸಾರ್ವಜನಿಕ ಜೀವನ

ಯಶವಂತರಾವ್ ಅವರ ಆಳ್ವಿಕೆಯ ಬಗ್ಗೆ ಮಿಶ್ರ ಅಭಿಪ್ರಾಯಗಳಿವೆ. ವರ್ಷದ ಬಹುಭಾಗವನ್ನು ಅವರು ವಿದೇಶದಲ್ಲಿ ಕಳೆಯುತ್ತಿದ್ದುದರಿಂದ ದಿನನಿತ್ಯದ ಆಡಳಿತ ಮಂತ್ರಿಗಳ ಕೈಯಲ್ಲಿತ್ತು. ಆದರೂ 1938ರಲ್ಲಿ ಸಂಸ್ಥಾನದ ದೇವಾಲಯಗಳನ್ನು ದಲಿತರ ಪ್ರವೇಶಕ್ಕೆ ತೆರೆದದ್ದು ಅವರ ಕಾಲದ ಗಮನಾರ್ಹ ನಿರ್ಧಾರ. 1942ರಲ್ಲಿ, ಭಾರತದ ರಾಜಕೀಯ ಬಿಕ್ಕಟ್ಟನ್ನು ಬಿಡಿಸಲು ಮಧ್ಯಸ್ಥಿಕೆ ವಹಿಸುವಂತೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಬಹಿರಂಗ ಪತ್ರ ಬರೆದರು. ಬ್ರಿಟಿಷರ ಅಧೀನದಲ್ಲಿದ್ದ ಅರಸರೊಬ್ಬರು ಇಂಥ ಹೆಜ್ಜೆಯಿಡುವುದು ಅಪರೂಪವಾಗಿತ್ತು.

ಸ್ವಾತಂತ್ರ್ಯಾನಂತರ 1948ರ ಮೇ ತಿಂಗಳಿನಲ್ಲಿ ಇಂದೋರ್, ಗ್ವಾಲಿಯರ್ ಮತ್ತು ಇತರ ಸಂಸ್ಥಾನಗಳು ಸೇರಿ ಮಧ್ಯಭಾರತ ರಾಜ್ಯ ರಚನೆಯಾಯಿತು. ಗ್ವಾಲಿಯರ್‌ನ ಜೀವಾಜಿರಾವ್ ಸಿಂಧಿಯಾ ರಾಜಪ್ರಮುಖರೂ, ಯಶವಂತರಾವ್ ಉಪರಾಜಪ್ರಮುಖರೂ ಆದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಧ್ಯಭಾರತವು ಮಧ್ಯಪ್ರದೇಶದಲ್ಲಿ ವಿಲೀನವಾದಾಗ ಆ ಹುದ್ದೆಯೂ ಕೊನೆಗೊಂಡಿತು. ಇಂದೋರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಇವರ ಹೆಸರನ್ನೇ ಇಡಲಾಗಿದೆ.

ಕ್ರಿಕೆಟ್

ಕನ್ನಡಿಗರಿಗೆ ಹೋಳ್ಕರ್ ಎಂಬ ಹೆಸರು ಕ್ರಿಕೆಟ್ ಇತಿಹಾಸದಿಂದಲೂ ಪರಿಚಿತ. ಯಶವಂತರಾವ್ ಅವರ ಪೋಷಣೆಯಲ್ಲಿದ್ದ ಹೋಳ್ಕರ್ ತಂಡವು ಕರ್ನಲ್ ಸಿ. ಕೆ. ನಾಯುಡು ಅವರ ನಾಯಕತ್ವದಲ್ಲಿ 1945–46, 1947–48, 1950–51 ಮತ್ತು 1952–53ರಲ್ಲಿ ರಣಜಿ ಟ್ರೋಫಿಯನ್ನು ಗೆದ್ದಿತು. 1945–46ರ ಸೆಮಿಫೈನಲ್‌ನಲ್ಲಿ ಮೈಸೂರು ತಂಡದ ವಿರುದ್ಧ ಇಂದೋರಿನಲ್ಲಿ ಹೋಳ್ಕರ್ ತಂಡ 8 ವಿಕೆಟ್‌ಗಳಿಗೆ 912 ರನ್ ಗಳಿಸಿತು. ಒಂದೇ ಇನಿಂಗ್ಸ್‌ನಲ್ಲಿ ಆರು ಮಂದಿ ಶತಕ ಬಾರಿಸಿದ್ದು ಪ್ರಥಮದರ್ಜೆ ಕ್ರಿಕೆಟ್‌ನ ವಿಶ್ವದಾಖಲೆಯಾಯಿತು.

ನಿಧನ

ಯಶವಂತರಾವ್ ಹೋಳ್ಕರ್ 1961ರ ಡಿಸೆಂಬರ್ 5ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ ಐವತ್ಮೂರು ವರ್ಷ. ಸಿಂಹಾಸನ ತ್ಯಜಿಸಿದ್ದ ಅವರ ತಂದೆ ತುಕೋಜಿರಾವ್ ಆ ನಂತರವೂ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು, 1978ರಲ್ಲಿ ತೀರಿಕೊಂಡರು.

ಸಂಗ್ರಹ ಚದುರಿದ ಬಗೆ

1971ರಲ್ಲಿ ಭಾರತ ಸರ್ಕಾರವು ರಾಜಧನವನ್ನು ರದ್ದುಪಡಿಸಿತು. ದೊಡ್ಡ ಅರಮನೆಗಳನ್ನು ನೋಡಿಕೊಳ್ಳುವುದು ಹಲವು ರಾಜಮನೆತನಗಳಿಗೆ ಹೊರೆಯಾಯಿತು. ಮಾಣಿಕ್ ಬಾಗ್ ಕಟ್ಟಡವು 1976ರಲ್ಲಿ ಸರ್ಕಾರದ ವಶಕ್ಕೆ ಬಂದು, ಕೇಂದ್ರ ಅಬಕಾರಿ ಮತ್ತು ಸುಂಕ ಇಲಾಖೆಯ ಕಚೇರಿಯಾಯಿತು.

ಪೀಠೋಪಕರಣಗಳನ್ನು 1980ರ ಮೇ 25ರಂದು ಮೊನಾಕೊದ ಮಾಂಟೆಕಾರ್ಲೊದಲ್ಲಿ ಸದಬೀಸ್ ಸಂಸ್ಥೆ ಹರಾಜು ಹಾಕಿತು. ಇಡಿಯಾಗಿ ರೂಪುಗೊಂಡಿದ್ದ ಮನೆಯು ಕ್ರಮಸಂಖ್ಯೆ ಹೊತ್ತ ಬಿಡಿ ವಸ್ತುಗಳಾಗಿ ಒಡೆದುಹೋಯಿತು. ಮಂಚ ಒಬ್ಬರ ಪಾಲಾದರೆ ದೀಪ ಇನ್ನೊಬ್ಬರ ಪಾಲಾಯಿತು. ಅವುಗಳಲ್ಲಿ ಹಲವು ಈಗ ವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಾಹಕರ ಬಳಿಯೂ ಇವೆ.

ಭಾರತದಲ್ಲಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ, ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಮಾತ್ರ ಪ್ರಾಚ್ಯವಸ್ತುಗಳೆನಿಸುತ್ತವೆ. ಐವತ್ತು ವರ್ಷವಷ್ಟೇ ಆಗಿದ್ದ ಉಕ್ಕಿನ ಕುರ್ಚಿಗಳು ಆ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಪುರಾತನವೂ ಅಲ್ಲದ, ತೀರ ಹೊಸತೂ ಅಲ್ಲದ ವಸ್ತುಗಳ ಮಹತ್ವ ಗುರುತಿಸುವುದು ಎಷ್ಟು ಕಷ್ಟವೆಂಬುದಕ್ಕೆ ಚಂಡೀಗಢದ ಕಥೆಯೂ ಉದಾಹರಣೆ. ಮಾಣಿಕ್ ಬಾಗ್‌ನಲ್ಲಿ ಯಾರ ಒರಗುಮಂಚವಿತ್ತೋ ಆ ಲ ಕಾರ್ಬ್ಯುಸಿಯೆ ಮತ್ತು ಪಿಯೇರ್ ಜಾನ್ರೆ ಅವರೇ 1951ರಿಂದ ಚಂಡೀಗಢ ನಗರವನ್ನು ರೂಪಿಸಿದರು. ಅಲ್ಲಿನ ಕಚೇರಿಗಳಿಗಾಗಿ ತೇಗದ ಮರ ಮತ್ತು ಬೆತ್ತದಿಂದ ಮಾಡಿದ ಕುರ್ಚಿಗಳು ಹಳೆಯ ಸಾಮಾನಿನ ದರಕ್ಕೆ ವಿಲೇವಾರಿಯಾಗಿ, ಬಳಿಕ ವಿದೇಶದ ಹರಾಜುಗಳಲ್ಲಿ ಭಾರಿ ಬೆಲೆಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯವು ಆ ಪೀಠೋಪಕರಣಗಳನ್ನು ಪರಂಪರೆಯ ವಸ್ತುಗಳಾಗಿ ಕಾಪಾಡಬೇಕೆಂದು ಸೂಚಿಸಿತು.

ಆಧುನಿಕೋತ್ತರ ಪೀಠೋಪಕರಣದ ಕಾಲ

ಮಾಣಿಕ್ ಬಾಗ್ ಸಂಗ್ರಹ ಹರಾಜಾದ ವರ್ಷದ ಕೊನೆಯಲ್ಲಿಯೇ ಇಟಲಿಯ ಮಿಲಾನ್ ನಗರದಲ್ಲಿ ಎತ್ತೋರೆ ಸೊಟ್ಸಾಸ್ (1917–2007) ಮತ್ತು ಗೆಳೆಯರು ಮೆಂಫಿಸ್ ಎಂಬ ಬಳಗವನ್ನು ಕಟ್ಟಿದರು. 1981ರಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಉಪಯೋಗಕ್ಕೆ ತಕ್ಕ ಸರಳ ರೂಪವೇ ಶ್ರೇಷ್ಠವೆಂಬ ಆಧುನಿಕರ ನಂಬಿಕೆಯನ್ನು ಇವರು ಪ್ರಶ್ನಿಸಿದರು. ಢಾಳಾದ ಬಣ್ಣಗಳು, ಓರೆಕೋರೆ ಆಕಾರಗಳು, ಹೋಟೆಲ್ ಮೇಜುಗಳ ಮೇಲೆ ಅಂಟಿಸುವ ಸನ್‌ಮೈಕಾದಂಥ ಲ್ಯಾಮಿನೇಟ್ ಹಾಳೆಗಳು ಇವರ ಪೀಠೋಪಕರಣಗಳಲ್ಲಿ ಕಾಣಿಸಿಕೊಂಡವು. ಇದೇ ಆಧುನಿಕೋತ್ತರ ಪೀಠೋಪಕರಣದ ಹೆಸರಾಂತ ಧಾರೆ. ಸೊಟ್ಸಾಸ್ ಅವರು 1961ರಲ್ಲಿ ಭಾರತದಲ್ಲಿ ಸಂಚರಿಸಿದ್ದರು. ಇಲ್ಲಿನ ದೇವಾಲಯಗಳೂ ಬಣ್ಣಗಳೂ ಅವರ ಮುಂದಿನ ಕೆಲಸದ ಮೇಲೆ ಪ್ರಭಾವ ಬೀರಿದವು.

ಮೆಂಫಿಸ್ ವಸ್ತುಗಳಿಗೂ ಯಶವಂತರಾವ್ ಅವರಂಥ ಸಂಗ್ರಾಹಕರೊಬ್ಬರು ದೊರೆತರು. ಉಡುಪು ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಮೊನಾಕೊದಲ್ಲಿದ್ದ ತಮ್ಮ ಮನೆಯನ್ನು ಮೆಂಫಿಸ್ ಪೀಠೋಪಕರಣಗಳಿಂದಲೇ ತುಂಬಿಸಿದರು. 1991ರಲ್ಲಿ ಆ ಸಂಗ್ರಹವೂ ಮೊನಾಕೊದಲ್ಲಿ ಹರಾಜಾಯಿತು. ಬದುಕಿರುವ ವಿನ್ಯಾಸಕರ ಕೃತಿಗಳಿಂದ ಮನೆಯನ್ನು ಇಡಿಯಾಗಿ ಸಜ್ಜುಗೊಳಿಸುವುದು, ಕಾಲಾನಂತರ ಅದು ಬಿಡಿಬಿಡಿಯಾಗಿ ಚದುರುವುದು, ಈ ಎರಡು ಹಂತಗಳೂ ಇಂದೋರ್ ಮತ್ತು ಮೊನಾಕೊಗಳಲ್ಲಿ ಒಂದೇ ತೆರನಾಗಿ ನಡೆದವು.

ಮೌಲ್ಯಮಾಪನ

2019ರ ಸೆಪ್ಟೆಂಬರ್‌ನಿಂದ 2020ರ ಜನವರಿಯವರೆಗೆ ಪ್ಯಾರಿಸ್ಸಿನ ಅಲಂಕಾರಿಕ ಕಲೆಗಳ ವಸ್ತುಸಂಗ್ರಹಾಲಯವು ಈ ಮಹಾರಾಜರನ್ನು ಕುರಿತು ವಿಶೇಷ ಪ್ರದರ್ಶನವೊಂದನ್ನು ಏರ್ಪಡಿಸಿತು. ಚದುರಿದ್ದ ವಸ್ತುಗಳಲ್ಲಿ ಹಲವು ಅಲ್ಲಿ ತಾತ್ಕಾಲಿಕವಾಗಿ ಮತ್ತೆ ಒಂದೆಡೆ ಸೇರಿದವು. ಮುಟೇಸಿಯುಸ್ ಅವರು ಕಾಪಾಡಿಕೊಂಡು ಬಂದ ರೇಖಾಚಿತ್ರಗಳು ಮತ್ತು ಆ ಕಾಲದ ಛಾಯಾಚಿತ್ರಗಳಿಂದ ಯಾವ ವಸ್ತು ಎಲ್ಲಿತ್ತೆಂಬುದು ತಿಳಿಯುತ್ತದೆ.

ಈ ಸಂಗ್ರಹದ ಹಿಂದಿದ್ದುದು ಸಂಸ್ಥಾನದ ಸಂಪತ್ತು ಎಂಬುದನ್ನು ಮರೆಯಲಾಗದು. ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿದ್ದ ವರ್ಷಗಳಲ್ಲಿ, ಮಾಳವದ ರೈತರೂ ಗಿರಣಿ ಕಾರ್ಮಿಕರೂ ದುಡಿದ ಫಲದ ಒಂದು ಪಾಲು ಯುರೋಪಿನ ಕಾರ್ಯಾಗಾರಗಳಿಗೆ ಸಂದಿತು. ಇಷ್ಟೊಂದು ಕೆಲಸದಲ್ಲಿ ಇಂದೋರಿನ ಬಡಗಿ, ಕಮ್ಮಾರರಿಗೆ ವಿನ್ಯಾಸದ ಪಾಲು ಸಿಗಲಿಲ್ಲ. ಆದ್ದರಿಂದ ಅಲ್ಲಿ ಹೊಸ ಪೀಠೋಪಕರಣ ಪರಂಪರೆಯೇನೂ ಬೆಳೆಯಲಿಲ್ಲ. ಮೈಸೂರಿನ ಬೀಟೆ ಕುಸುರಿಯು ಅರಮನೆಯ ಆಚೆಗೂ ಜೀವನೋಪಾಯವಾಗಿ ಉಳಿದುದನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಇನ್ನೊಂದು ಕಡೆ, ಬೇರೆ ಅರಸರು ಗತವೈಭವದ ನಕಲುಗಳಿಗೆ ಹಣ ಸುರಿಯುತ್ತಿದ್ದಾಗ, ತಮ್ಮ ಕಾಲದ ಕಲಾವಿದರನ್ನು ನಂಬಿ, ಅವರಿಗೆ ಕೆಲಸ ಮತ್ತು ಸ್ವಾತಂತ್ರ್ಯ ನೀಡಿದ ಯುವಕನೆಂಬ ಕೀರ್ತಿ ಯಶವಂತರಾವ್ ಅವರಿಗೆ ಸಲ್ಲುತ್ತದೆ. ಅವರು ಆರಿಸಿದ ವಿನ್ಯಾಸಕರಲ್ಲಿ ಬಹುತೇಕರನ್ನು ಇಂದು ಇಪ್ಪತ್ತನೆಯ ಶತಮಾನದ ಶ್ರೇಷ್ಠರೆಂದು ಗುರುತಿಸಲಾಗುತ್ತಿದೆ. ಮಾಣಿಕ್ ಬಾಗ್ ಕಟ್ಟಡವು ಇಂದೂ ಇಂದೋರಿನಲ್ಲಿ ಸರ್ಕಾರಿ ಕಚೇರಿಯಾಗಿ ನಿಂತಿದೆ. ಅದಕ್ಕಾಗಿಯೇ ಅಳತೆ ತೆಗೆದು ಮಾಡಿಸಿದ ಕುರ್ಚಿ, ಮಂಚ, ದೀಪಗಳು ಮಾತ್ರ ಅಲ್ಲಿಲ್ಲ.